ಟಿಕೆಟ್ ಚೀಲದಲ್ಲಿ ಜಾಝ್

ಹೊಸದಾಗಿ ಕಂಡಕ್ಟರ್ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, "ಏನರ ಬುದ್ಧಿಮಾತು ಹೇಳ್ರಿ ಸರ" ಎನ್ನುತ್ತಾರೆ. ಮೊದಲನೆಯ ಬುದ್ಧಿಮಾತು: ಕಾಲಿಗೆ ಒಳ್ಳೆಯ ಚಪ್ಪಲಿ ಹಾಕಿರಿ. ಎರಡನೆಯದು: ಕಿಟಕಿ ಸೀಟಿನ ಜಗಳದಲ್ಲಿ ನ್ಯಾಯ ಹೇಳಲು ಹೋಗಬೇಡಿರಿ, ದೇವರಿಂದಲೂ ಆಗದ ಕೆಲಸ ಅದು. ಮೂರನೆಯದನ್ನು ಹೇಳುವಷ್ಟರಲ್ಲಿ ಅವರ ಫೋನು ಬಡಿದುಕೊಳ್ಳುತ್ತದೆ. ಅದಕ್ಕೇ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಜಾಝ್ ಸಂಗೀತದ ವಿಷಯ. ನಗಬೇಡಿರಿ. ಈ ಕೆಲಸದಲ್ಲಿ ನಾನು ಗಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅದರಿಂದಲೇ ಬಂತು.

ಯಾವ ವರ್ಷ ಕಾಯಂ ಆದೆ, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಪಿಂಚಣಿ ಕಾಗದದಲ್ಲಿದೆ, ಓದಿ ಯಾರಿಗೂ ಪ್ರಯೋಜನವಿಲ್ಲ. ನನ್ನ ಬಹುಪಾಲು ದಿನಗಳು ಗಂಗಾವತಿಯಿಂದ ಕೊಪ್ಪಳ, ಯಲಬುರ್ಗಾ ಹಾದು ಕುಷ್ಟಗಿ ಮುಟ್ಟುವ ದಾರಿಯಲ್ಲಿ ಕಳೆದವು. ಗಂಗಾವತಿ ಕಡೆ ಹತ್ತುವವರ ಕಾಲಲ್ಲಿ ಗದ್ದೆಯ ಕೆಸರು. ಕೊಪ್ಪಳದಲ್ಲಿ ಹತ್ತುವವರ ಕೈಯಲ್ಲಿ ಕಚೇರಿಯ ಕಾಗದ. ಕುಕನೂರು ದಾಟಿದ ಮೇಲೆ ಎರೆಮಣ್ಣಿನ ಧೂಳು ಟಿಕೆಟ್ಟಿಲ್ಲದೆ ಒಳಗೆ ಬಂದು ಎಲ್ಲರ ಮೇಲೂ ಕೂರುತ್ತಿತ್ತು. ಹುಣ್ಣಿಮೆಯ ದಿನ ಹುಲಿಗಿ ಅಮ್ಮನ ಗುಡಿಗೆ ಹೋಗುವ ಜನರ ನಡುವೆ ಟಿಕೆಟ್ ಹರಿದವನು ಮುಂದೆ ಯಾವ ಗದ್ದಲಕ್ಕೂ ಹೆದರುವುದಿಲ್ಲ. ಜಾಝ್ ಕೇಳಲು ಆ ತಯಾರಿ ನನಗೆ ಭಾಳ ಉಪಯೋಗಕ್ಕೆ ಬಂತು.

ಹೊಳೆದಂಡೆಯ ಆನೆಗೊಂದಿ ಕಡೆ ತಿಂಗಳುಗಟ್ಟಲೆ ಇರುತ್ತಿದ್ದ ವಿದೇಶಿಯರು ನಮ್ಮ ಬಸ್ಸಿಗೆ ಬರುತ್ತಿದ್ದರು. ಅವರಲ್ಲಿ ಒಬ್ಬ ಕೆಂಪು ಗಡ್ಡದವನು ಇಳಿಯುವಾಗ ಸೀಟಿನ ಕೆಳಗೆ ಬಟ್ಟೆಯ ಚೀಲವೊಂದನ್ನು ಬಿಟ್ಟು ಹೋದ. ತುಂಬ ಕ್ಯಾಸೆಟ್ಟುಗಳು. ಮೇಲೆ ಬರೆದ ಅಕ್ಷರ ಇಂಗ್ಲಿಷೂ ಅಲ್ಲ, ನಮ್ಮ ದೇಶದ್ದೂ ಅಲ್ಲ. ಡಿಪೊಗೆ ಒಪ್ಪಿಸಿದೆ. ಕೇಳಿಕೊಂಡು ಯಾರೂ ಬರಲಿಲ್ಲ. ವಾರಸುದಾರರಿಲ್ಲದ ಸಾಮಾನು ಹರಾಜಿಗಿಟ್ಟಾಗ ಹರಕು ಕೊಡೆಗೆ ಗಿರಾಕಿ ಸಿಕ್ಕಿತು, ಒಂಟಿ ಬೂಟಿಗೂ ಸಿಕ್ಕಿತು, ಈ ಚೀಲಕ್ಕೆ ಮಾತ್ರ ಸಿಗಲಿಲ್ಲ.

ನಮ್ಮ ಮ್ಯಾನೇಜರ್ ಸಾಹೇಬರು ಒಂದು ಕ್ಯಾಸೆಟ್ಟನ್ನು ಹಾಕಿ ಕೇಳಿದರು. ಸ್ವಲ್ಪ ಹೊತ್ತಿಗೇ ಮುಖ ಕಿವುಚಿಕೊಂಡು, "ಶರಣಪ್ಪ, ಇದರಾಗ ನಾಲ್ಕು ಮಂದಿ ನಾಲ್ಕು ಊರಿಗೆ ಹೊಂಟಾರ. ಇದನ್ನ ಒಯ್ದು ಬಾವಿಗೆ ಹಾಕು" ಎಂದರು. ಬಾವಿಗೆ ಹಾಕಲು ಮನಸ್ಸಾಗಲಿಲ್ಲ, ಮನೆಗೆ ಒಯ್ದೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಕೋಳಿ ಬೆನ್ನತ್ತ್ಯಾರೇನ್ರಿ ಯಾರೋ?" ಎಂದು ಕೇಳಿದಳು. ನಿಜ ಹೇಳಬೇಕೆಂದರೆ ನನಗೂ ಹಾಗೇ ಕೇಳಿಸಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸುತ್ತಾರಲ್ಲ, ಅಲ್ಲಿ ಕೋಣ ನಾನೇ.

ಕಣ್ಣು ತೆರೆಸಿದವರು ಕುಷ್ಟಗಿಯ ಹುಸೇನಸಾಬರು. ಮದುವೆ ಹಂಗಾಮಿನಲ್ಲಿ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವುದು, ಉಳಿದ ದಿನ ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವರ ಕಸುಬು. ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿರುತ್ತಿದ್ದರು. ಊದುವವರಿಗೆ ಊದುವವರ ಭಾಷೆ ಗೊತ್ತಿದ್ದೀತೆಂದು ಒಂದು ಕ್ಯಾಸೆಟ್ಟನ್ನು ಅವರ ಕೈಗೆ ಹಾಕಿದೆ. ಮರುದಿನ ಕುಷ್ಟಗಿ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಮೆಟ್ಟಿಲಿಗೆ ಜಿಗಿದರು.

"ಶರಣಪ್ಪ, ಇವ ಯಾವ ಊರಾವೋ ಮಾರಾಯ! ಮೊದಲ ಸೀದಾ ಹಾಡು ಹೇಳ್ತಾನ. ಆಮ್ಯಾಲ ಅದನ್ನ ಬಿಚ್ಚಿ, ನಾ ಹಳೀ ಗಾದಿ ಹತ್ತಿ ಹಿಂಜಿದಂಗ ಹಿಂಜ್ತಾನ. ಎಲ್ಲಾ ಹಾರಿ ಹೋತು ಅನ್ನೂದ್ರಾಗ ಮತ್ತ ತುಂಬಿ ಹೊಲದು ಕೊಡ್ತಾನ. ಗಾದಿ ಹಳೇದ, ಆದ್ರ ಈಗ ಮೆತ್ತಗ!"

ಆ ಮಾತು ಕೇಳಿದ ಮೇಲೆ ಮನೆಗೆ ಹೋಗಿ ಮತ್ತೆ ಹಾಕಿದೆ. ಹಾಡು, ಹಿಂಜುವುದು, ಹೊಲಿಯುವುದು. ಮೂರೂ ಕೇಳಿಸಿದವು. ನನಗೆ ಆದ ಸಂತೋಷವನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ ಹೆಂಡತಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಆಮೇಲೆ ಇಬ್ಬರು ಸೇರಿಕೊಂಡರು. ಒಬ್ಬರು ಯಲಬುರ್ಗಾದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಗಿರಿಜಕ್ಕೋರು. ಭಾನುವಾರ ಅಥವಾ ರಜೆಗೆ ತವರಿಗೆ ಹೋಗಲು ನಮ್ಮ ಬಸ್ಸೇ ಬೇಕು. ಅವರು ಕ್ಯಾಸೆಟ್ಟು ಕೇಳಿ, "ಎಲ್ಲಾ ಎಣಿಸೇ ಬಾರಸ್ತಾರ್ರಿ. ಆದ್ರ ಒಂದು ಅನ್ನೂ ಜಾಗಾದಾಗ ಯಾರೂ ಕುಂದ್ರಂಗಿಲ್ಲ. ನಮ್ಮ ಸಾಲಿ ಹುಡುಗರು ಹಿಂಗ ಮಾಡಿದ್ರ ಬಡೀತಿದ್ದೆ" ಎಂದು ತೀರ್ಪು ಕೊಟ್ಟರು. ಇನ್ನೊಬ್ಬ ಕಾರಟಗಿಯ ರೈಸ್ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ, ಗಂಗಾವತಿಯಲ್ಲಿ ನಮ್ಮ ಬಸ್ಸು ಹತ್ತುತ್ತಿದ್ದ ತೆಲುಗು ಮನೆಮಾತಿನ ಸತ್ಯಂ. ಡ್ರಮ್ಮು ಬಿಟ್ಟರೆ ಬೇರೆ ಏನೂ ಅವನ ಕಿವಿಗೆ ಬೀಳುತ್ತಿರಲಿಲ್ಲ. "ಬೆಲ್ಟ್ ಸಡಲಾದ್ರ ಮಿಷನ್ ಹಿಂಗೇ ಬಡೀತೈತಂಡಿ. ಇವ ಬೇಕಂತ ಸಡ್ಲ ಬಿಟ್ಟಾನ, ಕಿಲಾಡಿ!" ಎನ್ನುತ್ತಿದ್ದ.

ಕ್ಯಾಸೆಟ್ಟಿನ ಮೇಲಿನ ಹೆಸರು ಓದಲು ಬಾರದ್ದರಿಂದ ಆ ದೊಡ್ಡ ಸಂಗೀತಗಾರರಿಗೆಲ್ಲ ನಾವೇ ನಾಮಕರಣ ಮಾಡಿದೆವು. ತುತ್ತೂರಿಯ ಬಾಯಿಗೆ ಏನೋ ಮುಚ್ಚಿಕೊಂಡು ಊದುವವನು ನೆಗಡಿ ಮಾಮಾ. ಎಲ್ಲಿ ಉಸಿರು ಎಳೆದುಕೊಳ್ಳುತ್ತಾನೋ ತಿಳಿಯದವನು ಉಸಿರಪ್ಪ. ಒಡಕು ದನಿಯಲ್ಲಿ ಎದೆ ಹಿಂಡುವ ಹಾಗೆ ಹಾಡುವವಳು ಜರ್ದಾ ಅಜ್ಜಿ. ನೆಗಡಿ ಮಾಮಾ ದೊಡ್ಡವನೋ ಉಸಿರಪ್ಪ ದೊಡ್ಡವನೋ ಎಂದು ಅಕ್ಕೋರಿಗೂ ಹುಸೇನಸಾಬರಿಗೂ ಜಗಳ ಹತ್ತಿದರೆ ಕುಕನೂರಿನಿಂದ ಯಲಬುರ್ಗಾದವರೆಗೆ ಬಿಡುವಿರಲಿಲ್ಲ. ಪಕ್ಕದಲ್ಲಿ ಕುಳಿತ ಮುದುಕರೊಬ್ಬರು ಒಮ್ಮೆ, "ನೆಗಡಿ ಅಂದ್ರ ಮೆಣಸಿನ ಕಷಾಯ ಕೊಡ್ರೆವಾ, ಅದಕ್ಯಾಕ ಇಷ್ಟು ಮಾತು?" ಎಂದು ರಾಜಿ ಮಾಡಿಸಲು ನೋಡಿದರು. ಈ ಸಂಗೀತಕ್ಕೆ ಜಾಝ್ ಎನ್ನುತ್ತಾರೆ ಎಂಬುದು ನಮಗೆ ರೇಡಿಯೊದಿಂದ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಅಲ್ಲಿಯವರೆಗೆ ಅದು ಗಡ್ಡದವನ ಹಾಡು.

ಕ್ಯಾಸೆಟ್ಟುಗಳು ನನ್ನ ಟಿಕೆಟ್ ಚೀಲದಲ್ಲಿ ಊರಿಂದೂರಿಗೆ ತಿರುಗಾಡುತ್ತಿದ್ದವು. ಅದಕ್ಕೊಂದು ಕಟ್ಟಳೆ ಹಾಕಿದವರು ಅಕ್ಕೋರು. ನೆರೆಮನೆಯಿಂದ ಪಲ್ಯ ಬಂದ ಬಟ್ಟಲನ್ನು ನಮ್ಮಲ್ಲಿ ಯಾರೂ ಬರಿದಾಗಿ ತಿರುಗಿ ಕೊಡುವುದಿಲ್ಲ, ಏನಿಲ್ಲವೆಂದರೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. "ಕ್ಯಾಸೆಟ್ಟಿಗೂ ಅದ ರೀತಿ ಇರ್ಲಿ" ಎಂದರು. ಹೀಗಾಗಿ ಕ್ಯಾಸೆಟ್ಟು ಪಡೆದವರು ಅದರ ಖಾಲಿ ಇದ್ದ ಇನ್ನೊಂದು ಮಗ್ಗುಲಿಗೆ ತಮಗೆ ಇಷ್ಟವಾದದ್ದನ್ನು ತುಂಬಿ ಕಳಿಸಬೇಕು. ಅಕ್ಕೋರು ತತ್ವಪದ ತುಂಬಿದರು. ಹುಸೇನಸಾಬರು ಮೊಹರಮ್ಮಿನ ಹಲಗೆ ತುಂಬಿದರು. ಸತ್ಯಂ ತನ್ನ ಮಿಲ್ಲಿನ ಎಂಜಿನ್ನನ್ನೇ ತುಂಬಿದ, ಅದೂ ಎರಡು ಸಲ.

ಈ ಕಟ್ಟಳೆ ಒಮ್ಮೆ ನಮಗೇ ತಿರುಗುಬಾಣವಾಯಿತು. ಬಸ್ಸು ತಪಾಸಣೆಗೆ ಹತ್ತಿದ ಇನ್‌ಸ್ಪೆಕ್ಟರು ಸೀಟಿನ ಮೇಲಿದ್ದ ಕ್ಯಾಸೆಟ್ ಪೆಟ್ಟಿಗೆಯನ್ನು ಹಿಡಿದು, "ಇದರ ಲಗೇಜ್ ಟಿಕೆಟ್ ಎಲ್ಲೈತಿ?" ಎಂದು ನನಗೆ ಗದರಿದರು. ಅಕ್ಕೋರು ಎದ್ದು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ತೊಡಿ ಮ್ಯಾಲ ಹಿಡಿಸೂದು ಲಗೇಜ್ ಅಲ್ರಿ. ಬೇಕಾದ್ರ ನೀವೂ ಒಂದು ಒಯ್ಯಿರಿ, ಕೇಳಿ ಕೊಡ್ರಿ" ಎಂದರು. ಆ ತಪಾಸಣೆಯವರು ನಿಜಕ್ಕೂ ಒಯ್ದರು! ವಾರದ ನಂತರ ತಿರುಗಿ ಕೊಡುವಾಗ ರೀತಿಯಂತೆ ಖಾಲಿ ಮಗ್ಗುಲನ್ನೂ ತುಂಬಿದ್ದರು. ಅವರೇ ಹಾಡಿದ ಭಾವಗೀತೆಗಳು. ಕಟ್ಟಳೆ ಕಟ್ಟಳೆಯೇ, ನಾಲ್ವರೂ ಅದನ್ನು ಕೊನೆಯವರೆಗೆ ಕೇಳಿದೆವು. ಹುಸೇನಸಾಬರು ಮಾತ್ರ, "ಮನಷ್ಯಾ ಛಲೋ ಅದಾನ" ಎಂದಷ್ಟೇ ಹೇಳಿದರು.

ಈಗ ನಿಮ್ಮ ಕೈಯಲ್ಲಿ ಟಿಕೆಟ್ ಮಷಿನ್ನು ಇದೆ. ನಾವು ಚಿಮಟಿಗೆಯಿಂದ ಟಿಕೆಟ್ಟಿಗೆ ತೂತು ಹೊಡೆಯುತ್ತಿದ್ದೆವು, ಅದರಿಂದಲೇ ನಾನು ಕಂಬಿಯ ಮೇಲೆ ತಾಳ ಹಾಕುತ್ತಿದ್ದೆ. ಮಷಿನ್ನು ಬಂದಾಗ ಕೀಲಿ ಒತ್ತಲು ಬಾರದೆ ಮೊದಲ ದಿನ ಬಸ್ಸಿನಲ್ಲಿದ್ದವರಿಗೆಲ್ಲ ಭಾನಾಪುರದ ಟಿಕೆಟ್ಟೇ ಕೊಟ್ಟು ಬೈಸಿಕೊಂಡೆ. ಕ್ಯಾಸೆಟ್ಟಿನ ಜಾಗಕ್ಕೂ ಮೊದಲು ಸೀಡಿ ಬಂತು, ಆಮೇಲೆ ಪೆನ್ ಡ್ರೈವು, ಈಗ ಫೋನು. ಜಗತ್ತಿನ ಜಾಝ್ ಎಲ್ಲ ಜೇಬಿನಲ್ಲಿದೆ. ಒಬ್ಬರು ಇನ್ನೊಬ್ಬರಿಗೆ ಕಳಿಸುತ್ತಾರೆ, ಹೆಬ್ಬೆರಳು ಎತ್ತಿ ತೋರಿಸುತ್ತಾರೆ, ಕೇಳುವುದಿಲ್ಲ. ನನಗೆ ಇದನ್ನು ನೋಡಿದರೆ ಸಿಟ್ಟು ಬರುತ್ತದೆ. ವಯಸ್ಸಾದವನ ಸಿಟ್ಟು ಎಂದು ನೀವು ಬಿಟ್ಟುಬಿಡಬಹುದು.

ಇರಲಿ, ಹೇಳಬೇಕೆಂದು ಕೂತದ್ದು ಹುಸೇನಸಾಬರ ಹಲ್ಲಿನ ಕತೆ.

ಕ್ಯಾಸೆಟ್ಟಿನ ಕಾಲ ಇನ್ನೇನು ಮುಗಿಯುತ್ತ ಬಂದಿದ್ದಾಗ ಅವರ ವಸಡು ಬಾತು ಹಲ್ಲುಗಳು ಅಲುಗಾಡತೊಡಗಿದವು. ಡಾಕ್ಟರು ನೋಡಿ, ಎಲ್ಲವನ್ನೂ ಕೀಳಬೇಕು, ಬೇರೆ ದಾರಿಯಿಲ್ಲ ಎಂದರು. ನಮಗೆ ಹಲ್ಲು ಹೋದರೆ ಸಜ್ಜಿ ರೊಟ್ಟಿ ಹೋಯಿತು, ಅಷ್ಟೇ. ಕ್ಲಾರಿನೆಟ್ ಊದುವವನು ಕೆಳತುಟಿಯನ್ನು ಒಳಗೆ ಮಡಚಿ, ಮೇಲಿನ ಹಲ್ಲನ್ನು ವಾದ್ಯದ ತುದಿಗೆ ಊರಿ ಹಿಡಿಯಬೇಕು. ಹಿಡಿತ ತಪ್ಪಿದರೆ ಸ್ವರ ತಪ್ಪಿತು. "ಹಲ್ಲ ಹೋದ್ರ ನಾ ಬರೇ ಗಾದಿಯಾಂವ" ಎಂದು ಬಸ್ಸಿನಲ್ಲಿ ಹೇಳಿ ಕಿಟಕಿಯ ಹೊರಗೆ ನೋಡುತ್ತ ಕೂತರು. ಆ ದಿನ ಯಾರೂ ನೆಗಡಿ ಮಾಮಾನ ಸುದ್ದಿ ಎತ್ತಲಿಲ್ಲ.

ಹಲ್ಲು ಕೀಳುವ ಮೊದಲು ಅವರ ಊದುವಿಕೆಯನ್ನು ತುಂಬಿಸಿಡೋಣ ಎಂದು ಸತ್ಯಂ ಹೇಳಿದ. ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಗಾದಿ ಅಂಗಡಿಯಲ್ಲಿ ಸೇರಿದೆವು. ಸುತ್ತಲೂ ಹಿಂಜಿದ ಹತ್ತಿಯ ರಾಶಿ, ಹೊರಗಿನ ಸದ್ದು ಒಂದೂ ಒಳಗೆ ಬರುತ್ತಿರಲಿಲ್ಲ. ಹುಸೇನಸಾಬರು ಒಂದು ಇಡೀ ಮಗ್ಗುಲು ಊದಿದರು. ಮದುವೆಯಲ್ಲಿ ಹೆಣ್ಣು ಕಳಿಸುವಾಗ ಊದುವ ಧಾಟಿಯನ್ನು ಹಿಡಿದು ಅದನ್ನೇ ಹಿಂಜಿದರು, ಹಾರಿಸಿದರು, ಹೊಲಿದರು. ಹತ್ತಿಯ ನಡುವೆ ಆ ಸ್ವರ ಎಷ್ಟು ಹತ್ತಿರ ಇತ್ತೆಂದರೆ ಅವರ ಉಸಿರು ಕೂಡ ಕೇಳುತ್ತಿತ್ತು. ನಾನು ಅತ್ತೆ. ನಾಚಿಕೆಯೇನಿಲ್ಲ.

ಕ್ಯಾಸೆಟ್ಟಿನ ಬೆನ್ನಿಗೆ ಚಿಕ್ಕದೊಂದು ಪ್ಲಾಸ್ಟಿಕ್ ಚಕ್ಕೆ ಇರುತ್ತದೆ. ಅದನ್ನು ಮುರಿದರೆ ಮೇಲೆ ಬೇರೇನೂ ತುಂಬಲು ಬರುವುದಿಲ್ಲ. ಅಂಗಡಿಯಲ್ಲಿ ಕೊಂಡ ಹಾಡಿನ ಕ್ಯಾಸೆಟ್ಟುಗಳಿಗೆಲ್ಲ ಮುರಿದೇ ಬರುತ್ತದೆ. ನಮ್ಮ ಬಳಗದಲ್ಲಿ ಅದನ್ನು ಯಾರೂ ಎಂದೂ ಮುರಿದವರಲ್ಲ. ಮುರಿಯುವುದೆಂದರೆ ನೆರೆಯವರಿಗೆ ಕೊಟ್ಟ ಬಟ್ಟಲಿಗೆ ಬೀಗ ಹಾಕಿದಂತೆ. ಹಾಗಾಗಿ ಅಂದೂ ಮುರಿಯಲಿಲ್ಲ. ಇನ್ನೊಂದು ಪ್ರತಿ ಮಾಡುವುದನ್ನು, ಎಲ್ಲರೂ ಒಂದು ಸಲ ಮನೆಯಲ್ಲಿ ಸಮಾಧಾನವಾಗಿ ಕೇಳಿದ ಮೇಲೆ ಮಾಡೋಣ ಎಂದುಕೊಂಡೆವು.

ಹಲ್ಲು ಕಿತ್ತರು. ವಸಡು ಮಾಯ್ದ ಮೇಲೆ ಕಟ್ಟಿಸಿದ ಹಲ್ಲು ಬಂತು. "ಒಂದೀಟು ಊದಿ ನೋಡ್ರಲ್ಲ" ಎಂದು ನಾನು ಬಸ್ಸಿನಲ್ಲಿ ಕೇಳಿದಾಗ ಅವರು ತಲೆ ಅಲ್ಲಾಡಿಸಿದರು. "ಬ್ಯಾಡ ಶರಣಪ್ಪ. ನಾ ಟೇಪಿನಾಗ ಅದೀನಿ, ಸಾಕು. ಈಗ ಊದಿದ್ರ ಮಂದಿ ಅದಕ್ಕ ಹೋಲಿಸ್ತಾರ. ಮಂದಿ ಯಾಕ, ನಾನ ಹೋಲಿಸ್ತೀನಿ." ಕ್ಲಾರಿನೆಟ್ಟಿನ ಪೆಟ್ಟಿಗೆ ಅಟ್ಟಕ್ಕೆ ಹೋಯಿತು. ತೊಡೆಯ ಮೇಲೆ ಪೆಟ್ಟಿಗೆಯಿಲ್ಲದೆ ಕೂತ ಹುಸೇನಸಾಬರನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. ಟಿಕೆಟ್ ಕೊಟ್ಟು ಬೇಗ ಮುಂದೆ ಸರಿಯುತ್ತಿದ್ದೆ.

ಆ ಕ್ಯಾಸೆಟ್ಟನ್ನು ನಾನು ಕೇಳಿ, ಸತ್ಯಂನಿಗೆ ಕೊಟ್ಟು, ಅವನಿಂದ ಅಕ್ಕೋರಿಗೆ ಮುಟ್ಟಿಸಿದೆ. ಕೆಲ ದಿನಗಳ ಮೇಲೆ ಯಲಬುರ್ಗಾ ಸ್ಟ್ಯಾಂಡಿನಲ್ಲಿ ಅಕ್ಕೋರು ಬಸ್ಸು ಹತ್ತದೆ ಬಾಗಿಲ ಮುಂದೆ ನಿಂತಿದ್ದರು. ಮುಖ ಕಪ್ಪಿಟ್ಟಿತ್ತು.

"ಶರಣಪ್ಪ, ಆ ಟೇಪ್ ನಾನ ಹಾಳ ಮಾಡಿಬಿಟ್ಟೆ" ಎಂದರು.

ಪಕ್ಕದ ಮನೆಯ ಮದುವೆಗೆ ಅರಿಶಿನ ಕುಟ್ಟುತ್ತಿದ್ದರಂತೆ. ಐದಾರು ಹೆಂಗಸರ ಒನಕೆ, ಮೇಲೆ ಪದ. ಆ ಲಯ ಹುಸೇನಸಾಬರ ಊದುವಿಕೆಗೆ ತಕ್ಕ ಮರುಬಾಗಿನ ಎನ್ನಿಸಿ, ಟೇಪ್ ರೆಕಾರ್ಡರ್ ಒಯ್ದು ಖಾಲಿ ಮಗ್ಗುಲಿಗೆ ತುಂಬಲು ಹೋಗಿದ್ದಾರೆ. ಗಡಿಬಿಡಿಯಲ್ಲಿ ಮಗ್ಗುಲು ತಪ್ಪಿ, ಹುಸೇನಸಾಬರು ಊದಿದ್ದ ಕಡೆಗೇ ತುಂಬಿಬಿಟ್ಟಿದ್ದಾರೆ. ಟೇಪಿನ ಮೊದಲಿಗೆ ಚೂರು ಜಾಗ ಬಿಟ್ಟು ತುಂಬುವುದು ಅವರ ರೂಢಿ. ಅಷ್ಟರಲ್ಲಿ ಇದ್ದ ಹುಸೇನಸಾಬರು ಮಾತ್ರ ಉಳಿದರು. ಮುಂದಿನದೆಲ್ಲ ಒನಕೆ.

ಬೇರೆಯವರಾಗಿದ್ದರೆ ಬೈಯುತ್ತಿದ್ದೆ. ಅವರು ಬೈಸಿಕೊಳ್ಳಲಿಕ್ಕೇ ನಿಂತಿದ್ದರು, ಅದಕ್ಕೇ ಬೈಯಲಾಗಲಿಲ್ಲ. "ನಾನ ಹೋಗಿ ಹೇಳ್ತೀನಿ, ಆದ್ರ ನೀವೂ ಬರ್ರಿ" ಎಂದರು. ಮುಂದಿನ ಭಾನುವಾರ ಸತ್ಯಂನನ್ನೂ ಕರೆದುಕೊಂಡು ಕುಷ್ಟಗಿಗೆ ಹೋದೆವು. ದಾರಿಯುದ್ದಕ್ಕೂ ಅಕ್ಕೋರು ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದರು.

ಗಾದಿ ಅಂಗಡಿಯಲ್ಲಿ ಕೂತು ಅಕ್ಕೋರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹುಸೇನಸಾಬರು ಟೇಪ್ ಹಾಕಿದರು. ಅವರ ಕ್ಲಾರಿನೆಟ್ ಏರತೊಡಗಿತು, ಎರಡು ಮೂರು ಉಸಿರು, ಟಕ್ಕೆಂದು ನಿಂತಿತು. ಧಪ್ ಧಪ್ ಎಂದು ಒನಕೆ ಶುರುವಾಯಿತು. ಅವರು ಟೇಪ್ ನಿಲ್ಲಿಸಲಿಲ್ಲ, ಅಕ್ಕೋರ ಕಡೆ ನೋಡಲೂ ಇಲ್ಲ. ಹತ್ತಿಯ ಎಳೆಯೊಂದನ್ನು ಬೆರಳಲ್ಲಿ ಹೊಸೆಯುತ್ತ ಕೂತರು. ಅಕ್ಕೋರು ಅಳು ನುಂಗಿಕೊಳ್ಳುತ್ತಿದ್ದರು. ನಮ್ಮ ಬಳಗ ಇಂದಿಗೆ ಮುಗಿಯಿತು ಎಂದುಕೊಂಡೆ.

ಕೊನೆಗೆ ಹುಸೇನಸಾಬರು ಆ ಎಳೆಯನ್ನು ಬದಿಗಿಟ್ಟರು. "ನೀವು ಮೂರೂ ಮಂದಿ ಕೇಳೀರಲ್ಲ. ಮುಂದ ನಾ ಏನ ಊದಿದ್ದೆ, ಹೇಳ್ರಿ ನೋಡೂಣು."

ಸತ್ಯಂ ಗುನುಗಿದ. ಅದರಲ್ಲಿ ಬರೀ ಡ್ರಮ್ಮಿತ್ತು. ಡ್ರಮ್ಮು ಅಲ್ಲಿ ಇರಲೇ ಇಲ್ಲ. ನಾನು ಗುನುಗಿದೆ, ಅರ್ಧಕ್ಕೆ ಇನ್‌ಸ್ಪೆಕ್ಟರ ಭಾವಗೀತೆಗೆ ಜಾರಿದೆ. ಹುಸೇನಸಾಬರ ಹುಬ್ಬು ಗಂಟಿಕ್ಕಿತು. "ಹಂಗಲ್ಲೋ! ಅಲ್ಲಿ ಏರಬೇಕು, ಏರಿ ಜೋಲಿ ಹೊಡೀಬೇಕು" ಎಂದು ತಾವೇ ಬಾಯಲ್ಲಿ ತೋರಿಸಲು ಹೋದರು. ಕಟ್ಟಿಸಿದ ಹಲ್ಲಿನ ಸಂದಿಯಲ್ಲಿ ಸ್ವರ ಸುಯ್ ಎಂದು ಸೋರಿತು. "ಥೂ, ಇದರ!" ಎಂದು ಎದ್ದು ಅಟ್ಟದಿಂದ ಪೆಟ್ಟಿಗೆ ಇಳಿಸಿದರು.

ಮೊದಲ ಉಸಿರಿಗೇ ಹಲ್ಲು ಕಟಕಟ ಎಂದವು. ಎರಡನೆಯ ಉಸಿರಿಗೆ ಕೆಳಗಿನ ಸಾಲು ಹೊರಗೇ ಬಂತು. ಸತ್ಯಂ ನಗು ತಡೆಯಲಾರದೆ ಹತ್ತಿಯ ರಾಶಿಯಲ್ಲಿ ಮುಖ ಹುದುಗಿಸಿದ. ಹುಸೇನಸಾಬರು ಎರಡೂ ಸಾಲು ತೆಗೆದು ಚಹಾದ ಲೋಟದಲ್ಲಿ ಹಾಕಿದರು. ತುಟಿ ಎರಡನ್ನೂ ವಸಡಿನ ಮೇಲೆ ಮಡಚಿದರು. ಮತ್ತೆ ಊದಿದರು.

ಬಂದದ್ದು ಹಳೆಯ ಸ್ವರವಲ್ಲ. ಆ ಮೊನಚು ಹೋಗಿತ್ತು. ಮೇಲಿನ ಸ್ವರಕ್ಕೆ ಏರಲು ಹೋಗಿ ನಡುವೆಯೇ ನಿಂತರು, ಗಾಳಿ ಸೋರಿತು. ಆದರೆ ಕೆಳಗಿನ ಸ್ವರಗಳು ಬೇರೆಯೇ ಆಗಿದ್ದವು, ಮೆತ್ತಗೆ, ವಯಸ್ಸಾದವರು ಹತ್ತಿರ ಕೂತು ಮಾತಾಡಿದ ಹಾಗೆ. ಟೇಪಿನಲ್ಲಿ ಒನಕೆಗಳು ಬೀಳುತ್ತಲೇ ಇದ್ದವು. ಹುಸೇನಸಾಬರು ನಮಗೆ ಕಲಿಸುವುದನ್ನು ಮರೆತು ಆ ಒನಕೆಯ ನಡುವೆ ಜಾಗ ಹುಡುಕಿಕೊಂಡರು. ಹೆಂಗಸರು ಒಂದು ಸಾಲು ಹಾಡಿದರೆ ಇವರು ಅದನ್ನು ಎತ್ತಿಕೊಂಡು ಹಿಂಜಿದರು. ಅಲ್ಲಿ ಯಾವುದೋ ಹೆಂಗಸು ನಕ್ಕಳು, ಇವರು ಆ ನಗುವನ್ನೂ ಊದಿದರು. ಗಡ್ಡದವನ ಚೀಲದಲ್ಲಿದ್ದ ಯಾವ ಕ್ಯಾಸೆಟ್ಟಿನಲ್ಲೂ ಇಂಥದ್ದನ್ನು ನಾನು ಕೇಳಿರಲಿಲ್ಲ.

ಹೊಸ ಹುಡುಗರೇ, ನಾನು ಹೇಳಬೇಕೆಂದಿದ್ದ ಮೂರನೆಯ ಮಾತು ಇಷ್ಟೇ: ದಿನಾ ಅದೇ ದಾರಿ, ಅದೇ ಮಂದಿ ಎಂದು ಬೇಸರಪಡಬೇಡಿ. ಪಕ್ಕದಲ್ಲಿ ಕೂತವರು ಏನು ಕೇಳುತ್ತಿದ್ದಾರೆ ಎಂದು ಒಂದು ಸಲ ವಿಚಾರಿಸಿ.

ಮಗ್ಗುಲು ಮುಗಿದು ಟೇಪ್ ತಾನಾಗಿ ನಿಂತಿತು. ಹುಸೇನಸಾಬರು ಏದುಸಿರು ಬಿಡುತ್ತ ತುಟಿ ಒರೆಸಿಕೊಂಡರು. ಅಕ್ಕೋರು ಸೆರಗಿನಿಂದ ಕಣ್ಣು ಒರೆಸಿಕೊಂಡು, ತಮ್ಮ ಶಾಲೆಯ ದನಿಯಲ್ಲಿ ಹೇಳಿದರು:

"ಎರಡು ಕಡೆ ತಾಳ ತಪ್ಪೀರಿ, ಹುಸೇನಸಾಬ್ರ."

ಆ ದಿನ ಮೊದಲ ಬಾರಿಗೆ ಅವರು ಅಕ್ಕೋರ ಮುಖ ನೋಡಿದರು.

"ಹೌದ್ರಿ ಅಕ್ಕೋರ" ಎಂದರು, ಬೊಚ್ಚುಬಾಯಲ್ಲಿ. "ಮೊದಲಿಂದ ಹಾಕ್ರಿ. ಇನ್ನೊಮ್ಮಿ ನೋಡೂಣು."